ತಿರುಗಬಲ್ಲವನೇ ಗುರಿ ಮುಟ್ಟುವನು



ದಿನದ ಐದು ಹೊತ್ತಿನ ಫರ್ಝ್ ನಮಾಝ್‌ಗಳಲ್ಲಿ 17 ರಕಅತ್‌ಗಳಿವೆ. ಪ್ರತಿ ರಕಅತ್‌ನಲ್ಲೂ ಫಾತಿಹಾದ ಮೂಲಕ ನಾವು ಅಲ್ಲಾಹನಲ್ಲಿ ನೇರ ಮಾರ್ಗವನ್ನು ಬೇಡುತ್ತೇವೆ. ಒಮ್ಮೆ ಬೇಡಿದರೆ ಸಾಲದೇ? ಇದನ್ನು ತಿಳಿಯಲು ಅವನ ಒಂದು ಅತಿ ಸಣ್ಣ ಸೃಷ್ಟಿಯನ್ನು ನೋಡೋಣ.

ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಮಿಲಿಮೀಟರಿನ ಸುಮಾರು 500ನೇ ಒಂದು ಭಾಗ. ಅದಕ್ಕೆ ಕಣ್ಣಿಲ್ಲ, ಮಿದುಳಿಲ್ಲ. ಮೈಮೇಲಿನ ಕೆಲವು ಎಳೆಗಳನ್ನು ಮೋಟಾರಿನಂತೆ ತಿರುಗಿಸಿ ಅದು ಈಜುತ್ತದೆ. ಎಳೆಗಳು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿದಾಗ ಜಡೆಯಂತೆ ಒಂದಾಗಿ, ಅದನ್ನು ಮುಂದಕ್ಕೆ ಒಯ್ಯುತ್ತವೆ. ದಿಕ್ಕು ಬದಲಾದರೆ ಜಡೆ ಬಿಚ್ಚಿಕೊಂಡು ಅದು ಹೊರಳಿ, ಬೇರೆ ಕಡೆಗೆ ಮುಖ ಮಾಡುತ್ತದೆ.

ಆಹಾರ ಎಲ್ಲಿದೆ ಎಂಬುದು ಅದಕ್ಕೆ ಕಾಣದು. ಕೆಲವು ಸೆಕೆಂಡುಗಳ ಹಿಂದಿನ ಸ್ಥಿತಿಗಿಂತ ಈಗಿನದು ಉತ್ತಮವೇ ಎಂದು ಮಾತ್ರ ಅದು ಅಳೆಯುತ್ತದೆ. ಉತ್ತಮವಾಗಿದ್ದರೆ ಹೆಚ್ಚು ಹೊತ್ತು ನೇರ ಸಾಗುತ್ತದೆ. ಕೆಟ್ಟಿದ್ದರೆ ಕೀ-ವೈ ಎಂಬ ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಅದು ಮೋಟಾರಿನ ಬುಡದಲ್ಲಿರುವ ಪ್ರೋಟೀನುಗಳ ಸ್ವಿಚ್‌ಗೆ ಹೋಗಿ ಸೇರಿದೊಡನೆ ತಿರುಗುವ ದಿಕ್ಕು ಬದಲಾಗುತ್ತದೆ. ಆಮೇಲೆ ಕೀ-ಝಡ್ ಎಂಬ ಇನ್ನೊಂದು ಪ್ರೋಟೀನ್ ಆ ಫಾಸ್ಫೇಟನ್ನು ತೆಗೆದುಹಾಕುತ್ತದೆ. ಮತ್ತೆ ನೇರ ಪಯಣ.

ಕೀ-ವೈ ಇಲ್ಲದ ಬ್ಯಾಕ್ಟೀರಿಯಾ ಈಜುತ್ತಲೇ ಇರುತ್ತದೆ, ಆದರೆ ಹೊರಳಲಾರದು. ವೇಗವಿದೆ, ಗುರಿ ಸಿಗದು. ಕೀ-ಝಡ್ ಇಲ್ಲದ್ದು ಮತ್ತೆ ಮತ್ತೆ ಹೊರಳುತ್ತಲೇ ಇದ್ದು ಮುಂದೆ ಸಾಗದು.

ಸಹೋದರರೇ, ಈ ಎರಡೂ ರೋಗಗಳು ನಮ್ಮಲ್ಲಿವೆ. ತಂದೆಯ ಮನೆಯ ಪಾಲಿಗಾಗಿ ಜಗಳವಾಡಿ, ಒಂದೇ ಸಫ್‌ನಲ್ಲಿ ನಿಂತೂ ವರ್ಷಗಟ್ಟಲೆ ಸಲಾಂ ಹೇಳದ ಅಣ್ಣತಮ್ಮಂದಿರು ನಮ್ಮ ನಡುವೆ ಇದ್ದಾರೆ. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದಾರೆಂದು ಗೊತ್ತಿದ್ದೂ ನಾವು ಹೊರಳುವುದಿಲ್ಲ. ಇನ್ನು ಕೆಲವೊಮ್ಮೆ ಪಶ್ಚಾತ್ತಾಪದ ಮಾತು ಆಡುತ್ತಲೇ ಇರುತ್ತೇವೆ, ಆದರೆ ಅಣ್ಣನ ಬಾಗಿಲಿಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ.

ತೌಬಾ ಎಂದರೆ ಮರಳುವುದು. ಮರಳಿದ ಮೇಲೆ ನಡೆಯಲೂ ಬೇಕು. ಹೊರಳಿದ ಬ್ಯಾಕ್ಟೀರಿಯಾಕ್ಕೆ ಹೊಸ ದಿಕ್ಕು ಸರಿಯೆಂಬ ಖಾತರಿಯಿಲ್ಲ; ತಪ್ಪಿದರೆ ಅದು ಪುನಃ ಹೊರಳುತ್ತದೆ. ನಮಗಾದರೋ ಕುರ್‌ಆನ್ ದಾರಿ ತೋರಿಸಿದೆ. ಅದಕ್ಕೆ ಆಯ್ಕೆಯಿಲ್ಲ, ನಮಗಿದೆ. ಆದ್ದರಿಂದಲೇ ನಮ್ಮಲ್ಲಿ ಲೆಕ್ಕ ಕೇಳಲಾಗುವುದು. ದಿನಕ್ಕೆ 17 ಬಾರಿ ಬೇಡುವುದೂ ಇದಕ್ಕಾಗಿಯೇ: ನಿನ್ನೆಗಿಂತ ಇಂದು ಅಲ್ಲಾಹನಿಗೆ ಹತ್ತಿರವಾದೆವೋ ದೂರವಾದೆವೋ ಎಂದು ಅಳೆದುಕೊಳ್ಳಲು.

ಇಂದು ಮಸೀದಿಯಿಂದ ಹೊರಡುವ ಮುನ್ನ, ಮಾತು ಬಿಟ್ಟವರ ಕಡೆಗೆ ನಾವೇ ಮೊದಲು ತಿರುಗಿ ಸಲಾಂ ಹೇಳೋಣ. ಅಲ್ಲಾಹನು ನಮಗೆ ಮರಳುವ ಮನಸ್ಸನ್ನೂ ನಡೆಯುವ ಬಲವನ್ನೂ ಕರುಣಿಸಲಿ. ಆಮೀನ್.