ಹಡ್ಸನ್ ನದಿಯಲ್ಲೊಂದು ನೌಕೆ

2012ನೆಯ ಇಸವಿ ಜೂನ್ 6, ಬುಧವಾರ. ನ್ಯೂಯಾರ್ಕ್ ಬಂದರಿನ ಪಶ್ಚಿಮ ದಡದಲ್ಲಿ, ನ್ಯೂಜೆರ್ಸಿಗೆ ಸೇರಿದ ಲಿಬರ್ಟಿ ಸ್ಟೇಟ್ ಪಾರ್ಕಿನ ಕಟಕಟೆಗೆ ಒರಗಿ ನಾನು ನೀರನ್ನು ನೋಡುತ್ತ ನಿಂತಿದ್ದೆ. ಮಗಳ ಮನೆಗೆ ಹೋಗಿ ಆಗ ಒಂದು ತಿಂಗಳಾಗಿತ್ತು. ಪರದೇಶದಲ್ಲಿರುವ ಮಕ್ಕಳ ಮನೆಗೆ ಹೋದ ನಿವೃತ್ತ ತಂದೆಯ ಪಾಡು ಕೇಳುಗರಲ್ಲಿ ಹಲವರಿಗೆ ತಿಳಿದೇ ಇದ್ದೀತು. ಬೆಳಿಗ್ಗೆ ಎಂಟು ಗಂಟೆಗೆ ಎಲ್ಲರೂ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವವು ಎರಡೇ: ಅವನು ಮತ್ತು ಗಡಿಯಾರ. ಆ ದಿನ ಮಾತ್ರ ಅಳಿಯ, "ಮಾವ, ನಿಮ್ಮ ಕ್ಯಾಮೆರಾಕ್ಕೆ ಇವತ್ತು ಕೆಲಸ ಇದೆ" ಎಂದು ನನ್ನನ್ನು ಕಾರಿನಲ್ಲಿ ಕರೆತಂದು ನದಿಯ ದಡದಲ್ಲಿ ಇಳಿಸಿ ಕಚೇರಿಗೆ ಹೋದ.

ಚಿತ್ರ ತೆಗೆಯುವ ಗೀಳು ನನಗೆ ಕಾಲೇಜಿನ ದಿನಗಳಲ್ಲಿ ಅಂಟಿಕೊಂಡದ್ದು. ಬಚ್ಚಲುಮನೆಯ ಕಿಟಕಿಗೆ ಕಪ್ಪು ಕಂಬಳಿ ಹೊದಿಸಿ, ಕೆಂಪು ದೀಪ ಹಚ್ಚಿ, ಸ್ನಾನಕ್ಕೆ ಕಾದು ನಿಂತವರಿಂದ ಬೈಸಿಕೊಂಡು ಕಲಿತ ವಿದ್ಯೆ ಅದು. ಅದರಿಂದ ಒಂದು ಕಾಸೂ ಸಂಪಾದನೆಯಾಗಲಿಲ್ಲ. ಹವ್ಯಾಸಿ ಎಂಬ ಮಾತನ್ನು ನಮ್ಮ ಜನ ತುಸು ಅನುಕಂಪದಿಂದಲೇ ಆಡುತ್ತಾರೆ. ಕೆಲಸ ಬರದವನು, ಆದರೂ ಬಿಡಲಾರದವನು ಎಂಬ ಧ್ವನಿ ಅದರಲ್ಲಿದೆ. ಅಂದು ಆ ದಡದಲ್ಲಿ ನೆರೆದಿದ್ದವರು ಬಹುಪಾಲು ಇದೇ ಪಂಗಡದವರು. ಮೂರು ಕಾಲಿನ ಊರೆಯ ಮೇಲೆ ಮೊಳದುದ್ದದ ಮಸೂರ ಹೂಡಿದವರು, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಮತ್ತೊಂದು ಕೈಯಲ್ಲಿ ಫೋನು ಹಿಡಿದ ತಾಯಿ, ನನ್ನಂತೆ ಹಳೆಯ ಫಿಲ್ಮ್ ಕ್ಯಾಮೆರಾ ತಂದ ಒಬ್ಬಿಬ್ಬರು. ಒಬ್ಬಾತ ಪುಟ್ಟ ರೇಡಿಯೋ ಯಂತ್ರವೊಂದನ್ನು ಕಿವಿಗೆ ಒತ್ತಿಕೊಂಡು ಬಂದರಿನ ದೋಣಿಗಳವರು ತಮ್ಮತಮ್ಮಲ್ಲಿ ಆಡುವ ಮಾತನ್ನು ಕೇಳುತ್ತಿದ್ದ. "ಇನ್ನೂ ಹೊರಟಿಲ್ಲ", "ಈಗ ಹೊರಟಿತು" ಎಂದು ಆಗಾಗ ಸಾರುತ್ತಿದ್ದ. ಹಿಂದಿನ ಸಂಜೆಯಷ್ಟೇ ಶುಕ್ರಗ್ರಹ ಸೂರ್ಯಬಿಂಬವನ್ನು ಹಾಯತೊಡಗಿತ್ತು. ಅದು ಮತ್ತೆ ಹಾಗೆ ಹಾಯುವುದು 2117ರಲ್ಲಿ. ಅದನ್ನೂ ಹಿಡಿಯಹೋಗಿ ಮೋಡಕ್ಕೆ ಶಾಪ ಹಾಕಿ ಬಂದವರು ಅಲ್ಲಿದ್ದರು.

ನಾವು ಕಾಯುತ್ತಿದ್ದದ್ದು ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆಯನ್ನು. ಅಮೆರಿಕದ ಷಟಲ್ ನೌಕೆಗಳ ಹಾರಾಟ 2011ರ ಜುಲೈ ತಿಂಗಳಲ್ಲಿ ಮುಗಿದಿತ್ತು. ಉಳಿದ ನೌಕೆಗಳನ್ನು ಒಂದೊಂದು ವಸ್ತುಸಂಗ್ರಹಾಲಯಕ್ಕೆ ಹಂಚಿಕೊಟ್ಟಾಗ, ವಾಷಿಂಗ್ಟನ್ ಬಳಿಯ ಸ್ಮಿತ್ಸೋನಿಯನ್ ಸಂಸ್ಥೆಗೆ ಡಿಸ್ಕವರಿ ಬಂದಿತು. ಅಲ್ಲಿದ್ದ ಎಂಟರ್‌ಪ್ರೈಸ್ ಜಾಗ ತೆರವು ಮಾಡಬೇಕಾಯಿತು. ಏಪ್ರಿಲ್ 27ರಂದು ಅದು ಜಂಬೋ ವಿಮಾನದ ಬೆನ್ನೇರಿ ನ್ಯೂಯಾರ್ಕಿನ ಕೆನೆಡಿ ನಿಲ್ದಾಣಕ್ಕೆ ಬಂದಿಳಿಯಿತು. ಅಲ್ಲಿಂದ ಮ್ಯಾನ್‌ಹಟನ್ನಿನ ದಡದಲ್ಲಿ ಲಂಗರು ಹಾಕಿರುವ ಇಂಟ್ರೆಪಿಡ್ ಎಂಬ ಹಳೆಯ ಯುದ್ಧನೌಕೆಯ ಮೇಲಿನ ಸಂಗ್ರಹಾಲಯವನ್ನು ಸೇರಬೇಕು. ಮೈ 37 ಮೀಟರ್ ಉದ್ದ. ರೆಕ್ಕೆಗಳ ಹರವು 24 ಮೀಟರ್. ಆ ನಗರದ ಬೀದಿಗಳಲ್ಲಿ ಇದು ಹೋಗುವುದೆಂತು? ಆದ್ದರಿಂದ ಜಲಮಾರ್ಗ. ಬಾರ್ಜ್ ಎಂದು ಕರೆಯುವ ಚಪ್ಪಟೆ ತಳದ ದೊಡ್ಡ ಸರಕುದೋಣಿಯ ಮೇಲೆ ಅದನ್ನಿರಿಸಿ, ಟಗ್ ದೋಣಿಗಳಿಂದ ಎಳೆಸಿಕೊಂಡು ಹೋಗುವುದೆಂದು ಗೊತ್ತಾಯಿತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ನೌಕೆ ಅಂತರಿಕ್ಷಕ್ಕೆ ಒಮ್ಮೆಯೂ ಹೋದದ್ದಲ್ಲ. 1976ರಲ್ಲಿ ಸಿದ್ಧವಾದ ಇದಕ್ಕೆ ಮೊದಲು ಬೇರೆ ಹೆಸರನ್ನು ಯೋಚಿಸಿದ್ದರು. 'ಸ್ಟಾರ್ ಟ್ರೆಕ್' ಎಂಬ ಟೆಲಿವಿಷನ್ ಕಥಾಮಾಲೆಯ ಅಭಿಮಾನಿಗಳು ಸಾವಿರಾರು ಪತ್ರ ಬರೆದು ತಮ್ಮ ಮೆಚ್ಚಿನ ಕಾಲ್ಪನಿಕ ನೌಕೆಯ ಹೆಸರನ್ನು ಇದಕ್ಕೆ ಇಡಿಸಿದರು. ಇದಕ್ಕೆ ನಿಜವಾದ ಎಂಜಿನ್ ಇಲ್ಲ. ಮೈಮೇಲಿನ ಶಾಖನಿರೋಧಕ ಬಿಲ್ಲೆಗಳು ಬರಿಯ ತೋರಿಕೆಯವು. 1977ರಲ್ಲಿ ಕ್ಯಾಲಿಫೋರ್ನಿಯದ ಮರುಭೂಮಿಯ ಮೇಲೆ ಜಂಬೋ ವಿಮಾನದ ಬೆನ್ನಿನಿಂದ ಐದು ಬಾರಿ ಇದನ್ನು ಬಿಡಿಸಿ, ಗಾಳಿಯಲ್ಲಿ ತೇಲಿ ನೆಲಕ್ಕಿಳಿಯಬಲ್ಲುದೇ ಎಂದು ಪರೀಕ್ಷಿಸಿದರು. ಐದನ್ನೂ ಕೂಡಿಸಿದರೆ ಅರ್ಧ ಗಂಟೆಯ ಹಾರಾಟವಾಗದು. ಕೊನೆಯ ಸಲ ಇಳಿಯುವಾಗ ನೌಕೆ ನೆಲ ಮುಟ್ಟಿ ಪುಟಿದೆದ್ದಿತು. ಚಾಲನೆಯಲ್ಲಿ ಅಡಗಿದ್ದ ದೋಷವೊಂದು ಹಾಗೆ ಬಯಲಾಗಿ, ಮುಂದಿನವರ ಪ್ರಾಣಕ್ಕೆ ಎರವಾಗುವ ಮೊದಲೇ ತಿದ್ದುವಂತಾಯಿತು. ತಾನು ಹೋಗದೆ ಉಳಿದವರನ್ನು ಕಳುಹಿಸಿಕೊಟ್ಟ ನೌಕೆ ಇದು.

ನನ್ನ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತಿದ್ದ ವೃದ್ಧರನ್ನು ನಾನು ಈ ವಿಷಯವಾಗಿ ಕೆಣಕಿದೆ. ಎಂದೂ ಹಾರದ ನೌಕೆಗಾಗಿ ಇಷ್ಟೊಂದು ಜನವೇಕೆ ಎಂದೆ. ಅವರು ಉತ್ತರ ಕೊಡಲಿಲ್ಲ. ಚೀಲದಿಂದ ಒಂದು ಚಿತ್ರವನ್ನು ತೆಗೆದು ಕೊಟ್ಟರು. ಹಿಂದಿನ ಭಾನುವಾರ, ಎಂದರೆ ಜೂನ್ 3ರಂದು, ಪ್ರಯಾಣದ ಮೊದಲ ಭಾಗದಲ್ಲಿ ನೌಕೆ ಕೋನಿ ಐಲೆಂಡ್ ಕಡಲತೀರದ ಮುಂದೆ ಸಾಗಿದಾಗ ತೆಗೆದದ್ದು. ಅದಕ್ಕೆ ತುಸು ಮುಂಚೆ, ಜಮೈಕಾ ಬೇಯ ರೈಲು ಸೇತುವೆಯ ಕೆಳಗೆ ಹಾಯುವಾಗ ಗಾಳಿ ಬೀಸಿ ಬಾರ್ಜ್ ಓಲಾಡಿ, ರೆಕ್ಕೆಯ ತುದಿ ಸೇತುವೆಗೆ ಕಾವಲಾಗಿ ನೆಟ್ಟ ಮರಕ್ಕೆ ಉಜ್ಜಿತ್ತು. ಮೇಲಿನ ಪದರ ಮಾತ್ರ ಕಿತ್ತಿತ್ತು; ಹೆಚ್ಚಿನ ಹಾನಿಯಿಲ್ಲ. ಈ ಹಿರಿಯರಿಗೆ ಅದೊಂದೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ರೆಕ್ಕೆಯ ತುದಿಯಲ್ಲಿ ಗಾಯ ಕಂಡಿತಂತೆ. "ನನ್ನ ಕಣ್ಣಿಗೆ ಕಾಣದ್ದು ಇದಕ್ಕೆ ಕಂಡಿದೆ, ನೋಡಿ" ಎಂದರು.

ರೆಕ್ಕೆ ಎಂದಾಗ ನನಗೆ ಬೇರೊಂದು ರೆಕ್ಕೆ ನೆನಪಾಯಿತು. ಕೇಳುಗರಿಗೂ ಆಗಿರಬೇಕು. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರಿದ 82 ಸೆಕೆಂಡಿಗೆ, ಇಂಧನದ ತೊಟ್ಟಿಯಿಂದ ಕಳಚಿದ ಒಂದು ಕಿಲೋ ತೂಕವೂ ಇಲ್ಲದ ನೊರೆಯ ತುಂಡು ಅದರ ಎಡ ರೆಕ್ಕೆಗೆ ಬಡಿದಿತ್ತು. ಆಗಸದಲ್ಲಿರುವಾಗಲೇ ಆ ರೆಕ್ಕೆಯ ಚಿತ್ರವೊಂದನ್ನು ತೆಗೆಸಬೇಕೆಂದು ಎಂಜಿನಿಯರರು ಕೇಳಿಕೊಂಡಿದ್ದರು. ಕೋರಿಕೆ ಮುಂದೆ ಸಾಗಲಿಲ್ಲ; ಚಿತ್ರ ತೆಗೆಯಲಿಲ್ಲ. ತೆಗೆದಿದ್ದರೆ ಏಳು ಜೀವ ಉಳಿಯುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಫೆಬ್ರವರಿ 1ರಂದು ನೆಲಕ್ಕಿಳಿಯಲು ಕಾಲು ಗಂಟೆಯಷ್ಟು ಉಳಿದಿರುವಾಗ ನೌಕೆ ಟೆಕ್ಸಾಸ್ ಮೇಲೆ ಚೂರುಚೂರಾಯಿತು. ಕರ್ನಾಲಿನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಅದರಲ್ಲಿದ್ದರು. ಆ ಸಂಜೆ ನಮ್ಮ ಬೀದಿಯಲ್ಲಿ, ಆಕೆಯ ಹೆಸರನ್ನು ಅದುವರೆಗೆ ಕೇಳದವರೂ ಟೆಲಿವಿಷನ್ ಮುಂದೆ ಮೌನವಾಗಿ ಕುಳಿತಿದ್ದುದು ನನಗೆ ನೆನಪಿದೆ.

ಅನಂತರ ನಡೆದದ್ದನ್ನು ನಾವು ಅಷ್ಟಾಗಿ ಕೇಳಿಲ್ಲ. ಆ ಮುಂಜಾನೆ ಕ್ಯಾಲಿಫೋರ್ನಿಯದಿಂದ ಟೆಕ್ಸಾಸಿನವರೆಗೆ ಕೆಲವು ಮಂದಿ ಸಾಮಾನ್ಯರು, ನೌಕೆ ಮರಳುವ ಬೆಳಕಿನ ಗೆರೆಯನ್ನು ನೋಡುವ ಆಸೆಯಿಂದ ಕ್ಯಾಮೆರಾ ಹಿಡಿದು ಮನೆಯ ಹೊರಗೆ ಬಂದು ನಿಂತಿದ್ದರು. ಯಾರೂ ಅವರನ್ನು ನೇಮಿಸಿರಲಿಲ್ಲ. ದುರಂತದ ಮೇಲೆ ತನಿಖೆಯವರು ಆ ಚಿತ್ರಗಳನ್ನು ಕೇಳಿ ಪಡೆದು, ಎಲ್ಲಿ ನಿಂತು, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಒಂದೊಂದನ್ನೂ ಲೆಕ್ಕ ಹಾಕಿದರು. ನೌಕೆ ಟೆಕ್ಸಾಸ್ ತಲುಪುವ ಮೊದಲೇ, ಕ್ಯಾಲಿಫೋರ್ನಿಯದ ಮೇಲಿರುವಾಗಲೇ, ಅದರಿಂದ ಚೂರುಗಳು ಉದುರತೊಡಗಿದ್ದವೆಂದು ಆ ಚಿತ್ರಗಳಿಂದ ತಿಳಿಯಿತು. ನೊರೆಯ ತುಂಡು ರೆಕ್ಕೆಯನ್ನು ಒಡೆಯಬಲ್ಲುದೇ ಎಂದು ಪರೀಕ್ಷಿಸಬೇಕಾದಾಗ ಮೊದಲಿಗೆ ಬಳಸಿದ್ದು ಇದೇ ಎಂಟರ್‌ಪ್ರೈಸಿನ ರೆಕ್ಕೆಯ ಅಂಚಿನಿಂದ ಬಿಚ್ಚಿ ತಂದ ಫಲಕಗಳನ್ನು. ಆಮೇಲೆ ಹಾರಾಟ ಕಂಡ ಅಟ್ಲಾಂಟಿಸ್ ನೌಕೆಯ ಫಲಕಕ್ಕೆ ಹೊಡೆದಾಗ ದೊಡ್ಡ ತೂತು ಬಿದ್ದಿತು. ನೋಡಿದವರು ದಂಗಾದರು.

ಇದನ್ನು ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಹೊರಟಾಗ ಹಿರಿಯರು ತಲೆಯಾಡಿಸಿದರು. ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಬಾರ್ಜ್ ಬಂದಿತು. ಅದರ ನಿಧಾನವನ್ನು ಹೇಗೆ ವರ್ಣಿಸಲಿ! ಭೂಮಿಯನ್ನು ಒಂದೂವರೆ ಗಂಟೆಗೆ ಸುತ್ತಲೆಂದು ಹುಟ್ಟಿದ ವಂಶದ ನೌಕೆ, ರಥಬೀದಿಯಲ್ಲಿ ತೇರು ಸಾಗುವಂತೆ, ಸ್ವಾತಂತ್ರ್ಯದೇವಿಯ ಪ್ರತಿಮೆಯ ಮುಂದೆ ಸಾಗಿತು. 1981ರಲ್ಲಿ ನಮ್ಮ ಬೆಂಗಳೂರಿನಲ್ಲಿ ಆಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ನೋಡಿ ನಕ್ಕವರುಂಟು. ಲೋಹದ ವಾಹನವಾದರೆ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಬೇಕೆಂದೇ ಗಾಡಿ ತರಿಸಿದ್ದರು. ಆ ಚಿತ್ರ ನನ್ನ ಕಣ್ಣ ಮುಂದೆ ಬಂದು, ಈಚೆಗಿನದರ ಪಕ್ಕದಲ್ಲಿ ನಿಂತಿತು. ಹೀಗೆ ಮೈಮರೆತದ್ದರಿಂದ ನಾನು ಕ್ಯಾಮೆರಾದ ಗುಂಡಿ ಒತ್ತುವ ವೇಳೆಗೆ ಟಗ್ ದೋಣಿಯೊಂದು ಅಡ್ಡ ಬಂದಿತ್ತು. ಪಕ್ಕದ ಹಿರಿಯರು ಪೆಟ್ಟಿಗೆಯಿಂದ ಕೆಳಗಿಳಿದು, ಹತ್ತಿ ಎಂದು ಕೈಸನ್ನೆ ಮಾಡಿದರು. ಹತ್ತಿ ನಾಲ್ಕು ಚಿತ್ರ ತೆಗೆದೆ. ಅಂದು ಮಧ್ಯಾಹ್ನ ನೌಕೆಯನ್ನು ಕ್ರೇನಿನಿಂದ ಎತ್ತಿ ಇಂಟ್ರೆಪಿಡ್ ಮೇಲೆ ಇರಿಸಿದರು. 1962ರಲ್ಲಿ ಮತ್ತು 1965ರಲ್ಲಿ ಅಂತರಿಕ್ಷದಿಂದ ಮರಳಿದವರನ್ನು ಸಮುದ್ರದಿಂದ ಎತ್ತಿಕೊಂಡ ಹಡಗು ಅದೇ.

ಊರಿಗೆ ಮರಳಿ ಫಿಲ್ಮ್ ತೊಳೆಸಿದಾಗ ನಾಲ್ಕರಲ್ಲಿ ಒಂದು ಮಾತ್ರ ನಿಂತಿತ್ತು. ಅದರಲ್ಲಿಯೂ ನೌಕೆಯ ಬಾಲದ ತುದಿ ಚೌಕಟ್ಟಿನಿಂದ ಹೊರಗೆ ಹೋಗಿತ್ತು. ಅಕ್ಟೋಬರ್ ಕೊನೆಯಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿಯಿತು. ಮಗಳು ಫೋನಿನಲ್ಲಿ ಎಲ್ಲರ ಕ್ಷೇಮ ತಿಳಿಸಿದ ಮೇಲೆ, "ಅಪ್ಪ, ನಿಮ್ಮ ನೌಕೆಯ ಡೇರೆ ಹಾರಿಹೋಯಿತಂತೆ, ಬಾಲದ ತುದಿ ಮುರಿದಿದೆಯಂತೆ" ಎಂದಳು. ಸಂಗ್ರಹಾಲಯದವರು ಅದನ್ನು ಸರಿಪಡಿಸಿದರು. 2013ರ ಜುಲೈಯಲ್ಲಿ ಮತ್ತೆ ಜನ ನೋಡುವಂತಾಯಿತು. ಆದರೆ ಅಂದು ನಾನು ಆ ಹಿರಿಯರಿಗೆ ಕಾಗದ ಬರೆದೆ. ದಡದಲ್ಲಿ ಅವರು ತಮ್ಮ ವಿಳಾಸವನ್ನು ನನ್ನ ಫಿಲ್ಮ್ ಡಬ್ಬಿಯ ರಟ್ಟಿನ ಮೇಲೆ ಗೀಚಿಕೊಟ್ಟಿದ್ದರು. ಬಾಲ ಪೂರ್ತಿಯಾಗಿ ಕಾಣುವ ಚಿತ್ರವಿದ್ದರೆ ಕಳುಹಿಸಿ ಎಂದು ಕೇಳಿದ್ದೆ. ಒಂದು ತಿಂಗಳ ಮೇಲೆ ಲಕೋಟೆ ಬಂದಿತು, ಮೂರು ಚಿತ್ರಗಳಿದ್ದವು. ಒಂದೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ತಾರೀಖು, ಗಂಟೆ, ನಿಮಿಷ, ತಾವು ನಿಂತಿದ್ದ ಜಾಗ ಇಷ್ಟನ್ನೂ ಬರೆದಿದ್ದರು. ನನ್ನ ಚಿತ್ರದ ಹಿಂದೆ ನಾನು ಏನನ್ನೂ ಬರೆದಿರಲಿಲ್ಲ. ಅವರದನ್ನು ನೋಡಿಕೊಂಡು ಬರೆದಿಟ್ಟೆ.