ಬಂಡಿಯ ಮೇಲಿನ ಬಂಡಿ

ಒಮ್ಮೆ ದೋಣಿಯ ಮೇಲೆ ಬಂಡಿ, ಒಮ್ಮೆ ಬಂಡಿಯ ಮೇಲೆ ದೋಣಿ ಎಂಬ ಗಾದೆಯನ್ನು ಕೇಳದವರಿಲ್ಲ. ಕರಾವಳಿಯವರಾದ ನಮಗೆ ಅದರ ಮೊದಲ ಅರ್ಧ ಬರಿಯ ಗಾದೆಯಾಗಿರಲಿಲ್ಲ. ಹೊಳೆಗಳಿಗೆ ಸೇತುವೆಯಾಗುವುದಕ್ಕೆ ಮುಂಚೆ ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ಲಿನ ಮೇಲೆ ಬಸ್ಸು, ಕಾರುಗಳನ್ನು ದಾಟಿಸುತ್ತಿದ್ದರು. ಶರಾವತಿಯ ಹಿನ್ನೀರಿನಲ್ಲಿ 2025ರ ಜುಲೈಯಲ್ಲಿ ಸೇತುವೆ ತೆರೆಯುವ ತನಕವೂ ಸಿಗಂದೂರಿನ ಯಾತ್ರಿಕರ ವಾಹನಗಳು ಲಾಂಚನ್ನೇರಿಯೇ ಆಚೆಯ ದಡ ಸೇರುತ್ತಿದ್ದುವು. ಕೊಂಕಣ ರೈಲ್ವೆಯವರು 1999ರಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಬೆನ್ನಿಗೆ ಹತ್ತಿಸತೊಡಗಿದರು. ಇಂದು ನಮ್ಮ ರಸ್ತೆಗಳಲ್ಲಿ ನಿತ್ಯ ಕಾಣುವುದಾದರೋ ಬಂಡಿಯ ಮೇಲೆ ಬಂಡಿ. ಹೊಸ ಕಾರುಗಳನ್ನು ಎರಡಂತಸ್ತಾಗಿ ಹೊತ್ತ ಉದ್ದನೆಯ ಲಾರಿಗಳು, ಸ್ಕೂಟರುಗಳನ್ನು ಸಾಲಾಗಿ ಕಟ್ಟಿಕೊಂಡ ಕ್ಯಾಂಟರುಗಳು, ಕೆಟ್ಟು ನಿಂತ ಕಾರನ್ನು ಎತ್ತಿಕೊಂಡು ಹೋಗುವ ಸಣ್ಣ ಲಾರಿಗಳು.

ಈ ಹೊರುವ ಬಂಡಿಯ ಯಜಮಾನನ ವಿಮೆಯನ್ನು ಕುರಿತು ನಾನು ನಾಲ್ಕು ಮಾತು ಹೇಳಹೊರಟಿದ್ದೇನೆ. ವಿಷಯ ಒಣಕಲೆಂದು ರೇಡಿಯೋದ ಕಿವಿ ತಿರುಚಬೇಡಿರೆಂದು ಪ್ರಾರ್ಥನೆ. ನಾನು ಬೆಳ್ತಂಗಡಿ ತಾಲೂಕಿನ ನಾರಾವಿಯವನು. ಕಾರ್ಕಳದಿಂದ ಬಜಗೋಳಿ, ಹೊಸ್ಮಾರು ದಾಟಿ ಗುರುವಾಯನಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ಘಟ್ಟದ ಬುಡದಲ್ಲಿರುವ ಊರು. ಸೂರ್ಯನಾರಾಯಣ ದೇವಸ್ಥಾನದಿಂದಾಗಿ ಹೊರಗಿನವರಿಗೂ ಹೆಸರು ಗೊತ್ತು. ಅಲ್ಲಿ ಬಹಳ ವರ್ಷ ನಾನು ವಿಮಾ ಪ್ರತಿನಿಧಿಯಾಗಿದ್ದೆ. ಯಾವ ಕಂಪೆನಿಗೆಂಬುದು ಇಲ್ಲಿ ಮುಖ್ಯವಲ್ಲ. ತಪ್ಪು ನನ್ನದು, ಕಂಪೆನಿಯದಲ್ಲ.

ನಮ್ಮ ನೆರೆಯವನೊಬ್ಬನಿಗೆ ಒಂದು ಕ್ಯಾಂಟರ್ ಲಾರಿಯಿತ್ತು. ಅಡಿಕೆ ತೋಟದ ಒಂದು ತುಂಡನ್ನು ಅಡವಿಟ್ಟು ಕೊಂಡದ್ದು. ಮಂಗಳೂರಿನ ಒಂದು ಮಳಿಗೆಯಿಂದ ಹೊಸ ಸ್ಕೂಟರು, ಮೋಟಾರು ಸೈಕಲುಗಳನ್ನು ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿಯ ಅಂಗಡಿಗಳಿಗೆ ತಲಪಿಸುವ ಕೆಲಸ. ನಡುವೆ ಯಾರು ಕರೆದರೂ ಅವರ ವಾಹನವನ್ನೂ ಹೊರುತ್ತಿದ್ದ. ಪ್ರತಿವರ್ಷ ಅವನ ಲಾರಿಯ ವಿಮೆಯನ್ನು ನವೀಕರಿಸುತ್ತಿದ್ದವನು ನಾನೇ. ಪ್ರತಿವರ್ಷವೂ ಅವನು ಕೇಳುವುದು ಒಂದೇ ಪ್ರಶ್ನೆ: "ಫುಲ್ ಅಲ್ಲವೆ?" ನಾನು ಕೊಡುವುದು ಒಂದೇ ಉತ್ತರ: "ಫುಲ್."

ಈ 'ಫುಲ್ ಇನ್ಶೂರೆನ್ಸ್' ಎಂಬುದು ಯಾವ ಪಾಲಿಸಿಯಲ್ಲೂ ಅಚ್ಚಾಗಿರುವ ಮಾತಲ್ಲ. ಅದು ನಮ್ಮ ಜನ ಮಾಡಿಕೊಂಡ ಶಬ್ದ, ನಾವು ಪ್ರತಿನಿಧಿಗಳು ಬೆಳೆಸಿದ ಶಬ್ದ. ಅನ್ಯರಿಗೆ ಆಗುವ ಹಾನಿಯ ಹೊಣೆ ಕಾಯಿದೆ ಪ್ರಕಾರ ಕಡ್ಡಾಯ; ಅದರೊಡನೆ ಸ್ವಂತ ವಾಹನದ ಹಾನಿಯನ್ನೂ ಸೇರಿಸಿದರೆ ಅದು ಫುಲ್. ಎರಡು ಸೇರಿದರೆ ಪೂರ್ಣವಾಯಿತೆಂಬ ಲೆಕ್ಕ ಅಡಿಕೆ ಹೊರುವವನಿಗೇ ಸಾಲದು. ವಾಹನ ಹೊರುವವನಿಗಂತೂ ಸಾಲವೇ ಸಾಲದು.

2016ರ ಆಟಿ ತಿಂಗಳಲ್ಲಿ ಅವನು ಇಪ್ಪತ್ತು ದ್ವಿಚಕ್ರ ವಾಹನಗಳನ್ನು ಹೇರಿಕೊಂಡು ಮಂಗಳೂರಿನಿಂದ ಹೊರಟ. ಆರನ್ನು ಕಾರ್ಕಳದಲ್ಲಿ ಇಳಿಸಿದ. ಉಳಿದ ಹದಿನಾಲ್ಕರೊಂದಿಗೆ ಬೆಳ್ತಂಗಡಿಗೆ ಬರುತ್ತಿರುವಾಗ ಹೊಸ್ಮಾರು ದಾಟಿದ ಮೇಲಿನ ಒಂದು ತಿರುವಿನಲ್ಲಿ ಲಾರಿ ಜಾರಿ ತೋಡಿನ ಕಡೆಗೆ ಮಗುಚಿತು. ಅವನಿಗೆ ಭುಜದ ಎಲುಬು ಮುರಿಯಿತು, ಜೀವಕ್ಕೇನೂ ಆಗಲಿಲ್ಲ. ನಾನು ಕೊಡೆ ಹಿಡಿದುಕೊಂಡು ಹೋಗಿ ನೋಡಿದೆ. ಹೊಸ ಸ್ಕೂಟರುಗಳು ಪ್ಲಾಸ್ಟಿಕ್ಕು ಸುತ್ತಿದ ಹಾಗೆಯೇ ಕೆಸರಿನಲ್ಲಿ ಒಂದರ ಮೇಲೊಂದು ಬಿದ್ದಿದ್ದುವು.

ಮುಂದಿನದೆಲ್ಲ ಸರಾಗವಾಗಿಯೇ ನಡೆಯಿತು. ಸರ್ವೆಯರು ಬಂದರು, ಹಗ್ಗ ಪಟ್ಟಿಗಳನ್ನು ಎಣಿಸಿದರು, ಚಾಲನಾ ಪರವಾನಗಿ ನೋಡಿದರು. ಲಾರಿಯ ದುರಸ್ತಿಯ ಹಣ ಬಂತು. ಮಳಿಗೆಯವರಿಗೆ ತಮ್ಮದೇ ಸಾಗಣೆ ವಿಮೆಯಿತ್ತು; ಅವರಿಗೆ ಅವರ ವಿಮಾ ಕಂಪೆನಿಯಿಂದ ಪರಿಹಾರ ದೊರೆಯಿತು. ಎಲ್ಲರಿಗೂ ಸಮಾಧಾನ. "ನೋಡಿದಿರಾ, ಫುಲ್ ಇದ್ದದ್ದಕ್ಕೆ ಬದುಕಿದೆ" ಎಂದು ಅವನು ನನ್ನ ಮನೆಗೆ ಒಂದು ಗೊನೆ ಬಾಳೆಹಣ್ಣು ತಂದಿಟ್ಟ. ನಾನು ಅದನ್ನು ಸಂತೋಷದಿಂದ ತಿಂದೆ.

ಹನ್ನೊಂದು ತಿಂಗಳ ಬಳಿಕ ಅವನಿಗೊಂದು ರಿಜಿಸ್ಟರ್ಡ್ ಪತ್ರ ಬಂತು. ಮಳಿಗೆಗೆ ಹಣ ಕೊಟ್ಟ ವಿಮಾ ಕಂಪೆನಿಯ ವಕೀಲರದ್ದು. ಕೊಟ್ಟ ಪರಿಹಾರ 5,20,000 ರೂಪಾಯಿಗಳನ್ನು ಸಾಗಿಸಿದವನಾದ ನೀನು ನಮಗೆ ತುಂಬಿಕೊಡತಕ್ಕದ್ದು ಎಂದು.

ಇದು ಅನ್ಯಾಯವೆಂದು ನಿಮಗನ್ನಿಸಬಹುದು. ನನಗೂ ಆಗ ಹಾಗೆಯೇ ಅನ್ನಿಸಿತು. ಆದರೆ ಇದು ವಿಮೆಯಷ್ಟೇ ಹಳೆಯ ತತ್ವ. ನಷ್ಟ ತುಂಬಿಕೊಟ್ಟವನು ನಷ್ಟಗೊಂಡವನ ಸ್ಥಾನದಲ್ಲಿ ನಿಂತು, ನಷ್ಟಕ್ಕೆ ಹೊಣೆಯಾದವನನ್ನು ಕೇಳಬಹುದು. ಸಬ್ರೊಗೇಷನ್ ಎಂದು ಅದರ ಹೆಸರು. 1963ರ ನಮ್ಮ ಮೆರೈನ್ ವಿಮಾ ಕಾಯಿದೆಯಲ್ಲಿ ಅದು ಬರೆದೇ ಇದೆ. 2010ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ಸಾಗಣೆದಾರನೊಬ್ಬನ ಮೊಕದ್ದಮೆಯಲ್ಲೇ, ಅದನ್ನು ವಿವರವಾಗಿ ಎತ್ತಿಹಿಡಿದಿದೆ. ಸರಕಿನ ಯಜಮಾನನಿಗೆ ವಿಮೆಯಿದೆ, ಆದ್ದರಿಂದ ನಾನು ನಿಶ್ಚಿಂತ ಎಂದು ಹೊರುವವನು ಭಾವಿಸಿದರೆ, ಪರರ ಕೊಡೆಯನ್ನು ನೋಡಿ ತಾನು ನೆನೆಯುವುದಿಲ್ಲವೆಂದುಕೊಂಡ ಹಾಗೆ. (ಮೆರೈನ್ ಎಂದರೆ ಕಡಲಿನದು. ಕಡಲು ಕಾಣದ ನಾರಾವಿಯಲ್ಲಿ ಲಾರಿಯ ಸರಕಿನ ವಿಮೆಗೆ ಕಡಲಿನ ಹೆಸರೇಕೆಂದು ಜನ ನಗುತ್ತಿದ್ದರು. ಸರಕಿನ ವಿಮೆ ಹುಟ್ಟಿದ್ದು ಹಡಗಿನಲ್ಲಿ; ದಡಕ್ಕೆ ಹತ್ತಿದ ಮೇಲೂ ಹಳೆಯ ಹೆಸರನ್ನು ಬಿಡಲಿಲ್ಲ, ಅಷ್ಟೆ.)

ಅವನು ಪತ್ರ ಹಿಡಿದುಕೊಂಡು ನನ್ನ ಜಗಲಿಯಲ್ಲಿ ಕುಳಿತ. ಜಗಳ ಮಾಡಲಿಲ್ಲ. "ನೀವು ಫುಲ್ ಎಂದಿದ್ದಿರಿ" ಎಂದ. ಆ ರಾತ್ರಿ ನಾನು, ಅಷ್ಟು ವರ್ಷಗಳಿಂದ ಮಾರುತ್ತಿದ್ದ ಆ ಪಾಲಿಸಿಯನ್ನು, ಮೊತ್ತಮೊದಲ ಬಾರಿಗೆ ಕೊನೆಯ ತನಕ ಓದಿದೆ. ಅನ್ಯರ ಸೊತ್ತಿನ ಹಾನಿಯನ್ನು ತುಂಬಿಕೊಡುವ ಭಾಗದಲ್ಲಿ ಒಂದು ಸಾಲಿದೆ: ವಿಮೆದಾರನ ವಶದಲ್ಲಿರುವ, ಅಥವಾ ಆ ವಾಹನ ಹೊತ್ತೊಯ್ಯುತ್ತಿರುವ ಸೊತ್ತಿಗೆ ಈ ಹೊಣೆ ಅನ್ವಯಿಸದೆಂದು ಅದರ ಭಾವ. ಅಂದರೆ ಅವನ ಲಾರಿ ಮಗುಚಿ ದಾರಿಬದಿಯ ಗೂಡಂಗಡಿಯನ್ನು ಮುರಿದಿದ್ದರೆ ಆ ನಷ್ಟ ವಿಮೆಯೊಳಗೆ. ತನ್ನ ಬೆನ್ನ ಮೇಲಿದ್ದುದು ಮುರಿದರೆ ವಿಮೆಯ ಹೊರಗೆ. ಲಾರಿಯನ್ನೇರಿದ ಕ್ಷಣದಿಂದ ವಾಹನವು ವಾಹನವಲ್ಲ, ಸರಕು. ತೆಂಗಿನಕಾಯಿಗೂ ಅದಕ್ಕೂ ಭೇದವಿಲ್ಲ.

ಸಾಗಣೆದಾರನ ಹೊಣೆಯ ಕಾಯಿದೆ ನಮ್ಮಲ್ಲಿ ಹೊಸದೇನಲ್ಲ. 1865ರಲ್ಲಿ, ಎತ್ತಿನ ಗಾಡಿಗಳ ಕಾಲದಲ್ಲಿ ಮಾಡಿದ ಕಾಯಿದೆಯೊಂದು 2011ರ ಫೆಬ್ರವರಿಯವರೆಗೂ ನಡೆಯಿತು. ಆ ವರ್ಷದ ಮಾರ್ಚ್ 1ರಿಂದ, 2007ರಲ್ಲಿ ಅಂಗೀಕಾರವಾದ ರಸ್ತೆ ಸಾಗಣೆ ಕಾಯಿದೆ ಜಾರಿಗೆ ಬಂತು. ಎರಡರಲ್ಲೂ ತಿರುಳು ಒಂದೇ. ಎಲ್ಲರ ಸರಕನ್ನೂ ಭೇದವಿಲ್ಲದೆ ಬಾಡಿಗೆಗೆ ಹೊರುವವನ ಕೈಯಲ್ಲಿ ಸರಕು ಹಾಳಾದರೆ, ಅವನ ಅಲಕ್ಷ್ಯವನ್ನು ಸರಕಿನವನು ರುಜುವಾತು ಮಾಡಬೇಕಾಗಿಲ್ಲ. ದೈವಕೃತವಾದದ್ದು, ಯುದ್ಧ, ಗಲಭೆ ಮೊದಲಾದ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ಅಲ್ಲಿಯೂ, ತಕ್ಕ ಎಚ್ಚರದಿಂದ ತಪ್ಪಿಸಬಹುದಿತ್ತೆಂದು ಕಂಡರೆ ವಿನಾಯಿತಿಯಿಲ್ಲ. ಮಳೆಯಿಂದಾಯಿತೆಂದು ವಾದಿಸೋಣವೆಂದು ನನ್ನ ನೆರೆಯವನಿಗೆ ಯಾರೋ ಹೇಳಿಕೊಟ್ಟರು. ಆಟಿಯ ಮಳೆ ತಾನು ಕಾಣದ್ದೆಂದು ನಾರಾವಿಯವನು ಹೇಳಿದರೆ ನಂಬುವವರು ಯಾರು?

ಆದರೂ ಹೊಸ ಕಾಯಿದೆ ಹೊರುವವನಿಗೆ ಒಂದು ಆಸರೆಯನ್ನು ಕೊಟ್ಟಿದೆ. ಸರಕಿನವನು ಹೆಚ್ಚಿನ ಅಪಾಯದ ದರ ಕೊಡಲು ಒಪ್ಪಿ ಬರೆದುಕೊಡದಿದ್ದಲ್ಲಿ, ಹೊಣೆಗೆ ಬಾಡಿಗೆಯ ಹತ್ತು ಪಾಲು ಎಂಬ ಮಿತಿಯುಂಟು. ಅಂದಿನ ಬಾಡಿಗೆ 4,000 ರೂಪಾಯಿ. ಹತ್ತು ಪಾಲೆಂದರೆ 40,000. ಐದು ಲಕ್ಷವೆಲ್ಲಿ, ನಲುವತ್ತು ಸಾವಿರವೆಲ್ಲಿ! ಆದರೆ ಅದೇ ಕಾಯಿದೆ ಸಾಗಣೆದಾರನು ನೋಂದಣಿ ಮಾಡಿಸಬೇಕೆನ್ನುತ್ತದೆ. ಸರಕು ಏನು, ಬೆಲೆಯೆಷ್ಟು ಎಂದು ಕಳುಹಿಸುವವನಿಂದ ಬರೆಯಿಸಿಕೊಂಡು, ತಾನು ರಶೀದಿ ಕೊಡಬೇಕೆನ್ನುತ್ತದೆ. ಅವನಲ್ಲಿ ನೋಂದಣಿಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ವ್ಯವಹಾರವೆಲ್ಲ ದೂರವಾಣಿಯಲ್ಲಿ, ನಂಬಿಕೆಯಲ್ಲಿ. ಕಾಗದವಿಲ್ಲದೆ ಆ ಮಿತಿಯ ಆಶ್ರಯ ಕೇಳುವುದು ಕಷ್ಟವೆಂದು ವಕೀಲರು ತಲೆಯಾಡಿಸಿದರು. ಕೊನೆಗೆ ಮಾತುಕತೆಯಲ್ಲಿ ಮೊಬಲಗು ಸ್ವಲ್ಪ ಇಳಿಯಿತು. ಲಾರಿ ಹೋಯಿತು, ಅಡವಿಟ್ಟ ತೋಟದ ತುಂಡೂ ಹೋಯಿತು.

ಅವನಿಗೆ ಬೇಕಾಗಿದ್ದುದು ಸಾಗಣೆದಾರನ ಕಾನೂನುಬದ್ಧ ಹೊಣೆಯ ವಿಮೆ. ಅದು ಸರಕಿನ ವಿಮೆಯಲ್ಲ, ಹೊತ್ತವನ ಹೊಣೆಯ ವಿಮೆ. ನಾನು ಅದನ್ನು ಹೆಸರಿನಲ್ಲಿ ಬಲ್ಲವನಾಗಿದ್ದೆ. ನಮ್ಮ ಊರಿನಲ್ಲಿ ಯಾರು ಕೇಳುತ್ತಾರೆಂದು ಹೇಳಿರಲಿಲ್ಲ. ಹೇಳಿದ್ದರೆ ಅವನು ಕೊಳ್ಳುತ್ತಿದ್ದನೇ ಎಂಬುದು ಬೇರೆ ಮಾತು. ಆ ಬೇರೆ ಮಾತಿನ ಹಿಂದೆ ನಾನು ಎಷ್ಟೋ ದಿನ ಅಡಗಿ ಕುಳಿತದ್ದುಂಟು.

ಸರಕಿನವರ ಸಾಗಣೆ ವಿಮೆಯಲ್ಲೂ ಭೇದಗಳಿವೆ. ಒಳನಾಡು ಸಾಗಣೆಯ ನಿಯಮಗಳು ಎ, ಬಿ, ಸಿ ಎಂದು ಮೂರು ತರ. ಎ ಎಂಬುದು ಹೊರಗಿಟ್ಟ ಕೆಲವು ಕಾರಣಗಳನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಒದಗುತ್ತದೆ. ಬಿ ಎಂಬುದು ಬೆಂಕಿ, ಸಿಡಿಲು, ಸೇತುವೆ ಕುಸಿತ, ಡಿಕ್ಕಿ, ಹೊರುವ ವಾಹನ ಮಗುಚುವುದು ಇಂಥವಕ್ಕೆ. ಸಿ ಬರಿಯ ಬೆಂಕಿ, ಸಿಡಿಲಿಗೆ. ಹಲಗೆಯ ಮೇಲಿಂದ ಇಳಿಸುವಾಗ ಕಾರು ಜಾರಿ ಬಿದ್ದರೆ ಬಿ, ಸಿಗಳಲ್ಲಿ ಸಿಕ್ಕುವುದೇನೂ ಇಲ್ಲ. ವಾಹನ ಸಾಗಿಸುವವರಲ್ಲಿ ವಿಚಾರಿಸಿ ನೋಡಿ: ಹಾನಿಯ ಭಯ ಅವರಿಗೆ ಹೆಚ್ಚಾಗಿ ಏರಿಸುವ, ಇಳಿಸುವ ಹೊತ್ತಿನಲ್ಲೇ.

ಕಾರಿನ ಯಜಮಾನರಿಗೂ ಒಂದು ಮಾತು. ಮುಂಬಯಿಯಿಂದ ಊರಿಗೆ ಮರಳುವ ನಮ್ಮವರು ಕಾರನ್ನು ಲಾರಿಯಲ್ಲಿ ಕಳುಹಿಸುವುದುಂಟು. ಸ್ವಂತ ಹಾನಿಯ ವಿಮೆಯಿದ್ದರೆ ರಸ್ತೆ, ರೈಲು, ಒಳನಾಡಿನ ಜಲಮಾರ್ಗಗಳಲ್ಲಿ ಸಾಗಿಸುವಾಗಿನ ಹಾನಿಯೂ ಅದರಲ್ಲಿ ಅಡಕ. ಆದರೆ 2018ರ ಸೆಪ್ಟೆಂಬರದಿಂದ ಹೊಸ ಕಾರಿಗೆ ಮೂರು ವರ್ಷದ ಅನ್ಯಹೊಣೆಯ ವಿಮೆ ಕಡ್ಡಾಯವಾಯಿತು. ಸ್ವಂತ ಹಾನಿಯ ಭಾಗವನ್ನು ಒಂದೇ ವರ್ಷಕ್ಕೆ ಮಾಡಿಸಿದವರೂ ಮೂರು ವರ್ಷ ನಿಶ್ಚಿಂತೆ ಎಂದೇ ತಿಳಿದಿರುತ್ತಾರೆ.

ಇನ್ನೊಂದನ್ನು ನೋಡಿದಾಗೆಲ್ಲ ನನ್ನ ಎದೆ ನಡುಗುತ್ತದೆ. ಧರ್ಮಸ್ಥಳಕ್ಕೆ ಹೊರಟವರ ಕಾರು ಕೆಡುತ್ತದೆ. ಎತ್ತುವ ಲಾರಿ ಬರುತ್ತದೆ. ಮಳೆಯೆಂದು ಹೆಂಡತಿ ಮಕ್ಕಳು ಲಾರಿಯ ಮೇಲಿನ ಕಾರಿನೊಳಗೇ ಕುಳಿತಿರುತ್ತಾರೆ. 1994ರ ತಿದ್ದುಪಡಿಯಂತೆ ಸರಕು ವಾಹನದಲ್ಲಿ ಹೋಗುವ ಸರಕಿನ ಯಜಮಾನನಿಗೆ, ಅಥವಾ ಅವನ ಪ್ರತಿನಿಧಿಗೆ, ಲಾರಿಯ ಕಡ್ಡಾಯ ವಿಮೆಯ ರಕ್ಷೆಯುಂಟು. ಅದೂ ಚಾಲಕನ ಕೋಣೆಯಲ್ಲಿ ಕುಳಿತಿದ್ದರೆ. ಮಿಕ್ಕವರು ಪುಕ್ಕಟೆ ಪ್ರಯಾಣಿಕರು. ಅವರ ಹೊಣೆ ವಿಮಾ ಕಂಪೆನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಹೇಳಿತು. ಗಂಡ ಸರಕಿನ ಯಜಮಾನ. ಹೆಂಡತಿ ಮಕ್ಕಳು ಯಾರೂ ಅಲ್ಲ. ಲಾರಿಯವನು ಮಾತ್ರ, ಪಾಪ, ದಾಕ್ಷಿಣ್ಯಕ್ಕೆ ಬೇಡವೆನ್ನುವುದಿಲ್ಲ.

ನನ್ನ ನೆರೆಯವನು ಈಗ ಇನ್ನೊಬ್ಬರ ಲಾರಿಯ ಚಾಲಕ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಬೆನ್ನ ಮೇಲೊಂದು ದೊಡ್ಡ ಕಾರನ್ನು ಹೊತ್ತ ಲಾರಿಯನ್ನು ನಮ್ಮ ಮನೆಯೆದುರು ನಿಲ್ಲಿಸಿ ಒಳಗೆ ಬಂದ. ಪ್ಲಾಸ್ಟಿಕ್ ಚೀಲದಿಂದ ಎರಡು ಕಾಗದಗಳನ್ನು ತೆಗೆದ. ಒಂದು ಲಾರಿಯ ಪಾಲಿಸಿ, ಇನ್ನೊಂದು ಹೊಣೆಯ ಪಾಲಿಸಿ. "ಓದಿ ಹೇಳಿ. ಫುಲ್ ಎಂದು ಮಾತ್ರ ಹೇಳಬೇಡಿ" ಎಂದ. ನಾನು ಕನ್ನಡಕ ಹಾಕಿಕೊಂಡು ಎರಡನೆಯದನ್ನು ಸಾಲು ಸಾಲಾಗಿ ಓದಿದೆ. ಒಂದು ಅಪಘಾತಕ್ಕೆ ಹತ್ತು ಲಕ್ಷವೆಂದು ಮಿತಿ ಹಾಕಿತ್ತು. ಹೊರಗಿರುವ ಕಾರಿನ ಬೆಲೆಯೆಷ್ಟೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಚೀಟಿ ತೆಗೆದು ನೋಡಿದ. ಹದಿನೆಂಟು ಲಕ್ಷ ಎಂದಿತ್ತು. ಅಂಗಳಕ್ಕೆ ಹೋಗಿ ಯಜಮಾನನಿಗೆ ಫೋನು ಮಾಡಿದ, ಅವನು ಎತ್ತಲಿಲ್ಲ. ಲಾರಿಯನ್ನು ಹಲಸಿನ ಮರದ ಬದಿಗೆ ಸರಿಸಿ ನಿಲ್ಲಿಸಿ ಬಂದು ಜಗಲಿಯಲ್ಲಿ ಕುಳಿತ. ನನ್ನ ಹೆಂಡತಿ ಕಾಫಿ ತಂದಿಟ್ಟಳು. ಮಳೆ ಬರುತ್ತಲೇ ಇತ್ತು. ಯಜಮಾನನ ಕರೆ ಬಂದದ್ದು ರಾತ್ರಿ ಒಂಬತ್ತಕ್ಕೆ.