ಕೂಡ್ರುವ ಮನೆಯಲ್ಲಿ ಕೂಡ್ರಲು ಜಾಗವಿಲ್ಲ

(ಬೆಟಗೇರಿಯಲ್ಲಿ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)

ಹೋದ ತಿಂಗಳು ನಾವು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆವು. ಅಲ್ಲಿ ಹೊಸದಾಗಿ ತೆರೆದ ಐರಿಶ್ ಪಬ್ಬೊಂದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಊಟಕ್ಕೆ ಕರೆದೊಯ್ದನು. ಮಾಸ್ತರರು ಪಬ್ಬಿಗೆ ಹೋದರೆಂದು ಹಿಂದೆ ಕೂತವರು ನಗುತ್ತಿರುವದು ಕಾಣುತ್ತದೆ. ನಗಿರಿ. ನಾವು ಕುಡಿದದ್ದು ಲಿಂಬೆ ಸೋಡಾ.

ಪಬ್ಬೆಂದರೆ ಪಬ್ಲಿಕ್ ಹೌಸ್, ಸಾರ್ವಜನಿಕರ ಮನೆ. ಐರ್ಲಂಡದ ಸಣ್ಣ ಊರುಗಳಲ್ಲಿ ಮುಂದೆ ಕಿರಾಣಿ ಅಂಗಡಿ, ಹಿಂದೆ ಸೆರೆ ಮಾರುವ ಕಟ್ಟೆ, ಎರಡೂ ಒಂದೇ ಸೂರಿನಡಿ ಇರುತ್ತಿದ್ದವು. ದಣಿದ ರೈತನು ಚಹಪುಡಿ, ಸಕ್ಕರೆ ಕಟ್ಟಿಸಿಕೊಂಡು ಬೆಂಕಿಯ ಮುಂದೆ ಗಳಿಗೆಹೊತ್ತು ಕೂತು ಹೋಗುತ್ತಿದ್ದನು. ಈಗ ಆ ಮನೆಯೇ ಮಾರಾಟದ ಸರಕಾಗಿದೆ. ಕಟ್ಟಿಗೆಯ ಕಟ್ಟೆ, ಹಳೆಯ ಫಲಕ, ಬಣ್ಣದ ಗಾಜು ಎಲ್ಲವನ್ನೂ ಐರ್ಲಂಡದಲ್ಲಿ ಮಾಡಿ, ಹಡಗಿಗೇರಿಸಿ, ಬೇಕಾದ ದೇಶದಲ್ಲಿ ಜೋಡಿಸಿಕೊಡುವ ವ್ಯಾಪಾರ 1990ರ ನಂತರ ಬೆಳೆದಿದೆ. ನಾವು ಒರಗಿದ ಗೋಡೆಯ ಹಳೆತನವೂ ಹೊಸದೇ ಇತ್ತು.

ಊಟಕ್ಕೆ ಬಂದದ್ದು ಅವರ ಸ್ಟ್ಯೂ: ಕುರಿಯ ಮಾಂಸ, ಬಟಾಟೆ, ಉಳ್ಳಾಗಡ್ಡಿ ಹಾಕಿ ಸಣ್ಣ ಉರಿಯ ಮೇಲೆ ಕುದಿಸಿದ ಸಾರು. ರುಚಿಯಾಗಿತ್ತು, ಸುಳ್ಳು ಹೇಳುವದಿಲ್ಲ. ಖಾರ ಮಾತ್ರ ಇಲ್ಲ. ಆ ಬಟಾಟೆಯನ್ನೇ ನಂಬಿದ ಐರ್ಲಂಡದ ಬಡವರು 1845ರಲ್ಲಿ ಬೆಳೆಗೆ ರೋಗ ಬಿದ್ದಾಗ ಉಪವಾಸ ಬಿದ್ದರು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಅದೇ ಕಾಲಕ್ಕೆ ಅಲ್ಲಿಂದ ಧಾನ್ಯವೂ ದನಗಳೂ ಇಂಗ್ಲಂಡಕ್ಕೆ ಸಾಗುತ್ತಲೇ ಇದ್ದವು.

ಪಬ್ಬಿಗೆ ಇನ್ನೊಂದು ಮುಖವೂ ಉಂಟು. ಡಬ್ಲಿನ್ನಿನ ಬಂದರು ಹಮಾಲರ ಬಟವಾಡೆ ಪಬ್ಬಿನಲ್ಲಿಯೇ ಆಗುತ್ತಿತ್ತು. ಗುತ್ತೇದಾರನು ಅಲ್ಲಿ ಪಗಾರ ಎಣಿಸಿಕೊಡುವನು. ಅರ್ಧ ಅಲ್ಲಿಯೇ ಕರಗುವದು. ಮನೆಯಲ್ಲಿ ಹೆಂಡತಿ ದಾರಿ ಕಾಯುವಳು. ಈ ಪದ್ಧತಿಯ ವಿರುದ್ಧ ನಿಂತವನು ಜೇಮ್ಸ್ ಲಾರ್ಕಿನ್. ತಾನು ಒಂದು ಹನಿ ಕುಡಿಯದವನು. ಇವನ ಸಂಘಕ್ಕೆ ಸೇರಿದರೆಂದೇ 1913ರಲ್ಲಿ ಮಾಲಕರು ಸುಮಾರು 20,000 ಕಾರ್ಮಿಕರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದರು. ಮುಂದೆ 1949ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದವೇ ಹೇಳಿತು: ಸೆರೆಯಂಗಡಿಯಲ್ಲಿ ಪಗಾರ ಕೊಡಕೂಡದು, ಅಲ್ಲಿಯೇ ದುಡಿಯುವವರ ಹೊರತು.

ಅಲ್ಲಿಯೇ ದುಡಿಯುವವನೊಬ್ಬನು ನಮಗೆ ತಾಟು ತಂದಿಟ್ಟನು. ನಮ್ಮ ಮಾತು ಕೇಳಿ ಅವನ ಮುಖ ಅರಳಿತು. “ಗದಗ ಕಡೆಯವರೇನ್ರಿ? ನಂದು ರೋಣ ತಾಲೂಕರಿ.” ಉಂಡೆಯೇನಪ್ಪಾ ಎಂದೆವು. “ಊಟಾ ಕೊಡ್ತಾರ್ರಿ ಗುರುಗಳ. ಕುಂತ ಉಣ್ಣಾಕ ಜಾಗಾ ಇಲ್ಲ. ಮಧ್ಯಾಹ್ನ ನಿಂತಾಂವ ರಾತ್ರಿ ಒಂದಕ್ಕ ಕುಂದ್ರತೇನಿ.” ಸಾರ್ವಜನಿಕರು ಕೂಡ್ರುವ ಮನೆ ಅದು, ನೋಡಿರಿ!

ಬಿಲ್ಲು ಬಂತು. ಸೇವಾ ಶುಲ್ಕವೆಂದು ಶೇಕಡಾ 10 ಸೇರಿಸಿದ್ದರು. ಹಾಗೆ ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೇಳಿದೆ. ದಿಲ್ಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನೇ ಎತ್ತಿಹಿಡಿದಿದೆ. ಆ ರೊಕ್ಕ ನಿನಗೆ ಬರುತ್ತದೆಯೇ ಎಂದು ಹುಡುಗನನ್ನು ಕೇಳಿದೆವು. ಅವನು ಮ್ಯಾನೇಜರರ ಕಡೆಗೆ ನೋಡಿ ಸುಮ್ಮನಾದನು. ನಮ್ಮ ವಿದ್ಯಾರ್ಥಿ ವಾದಿಸಿ ಅದನ್ನು ತೆಗೆಸಿ, ಅಷ್ಟೇ ರೊಕ್ಕವನ್ನು ಹುಡುಗನ ಕೈಯಲ್ಲಿಟ್ಟನು. ಮರುದಿನ ಅವನಿಗೇನಾದರೂ ತೊಂದರೆಯಾಯಿತೋ ಎಂಬ ಅಳುಕು ನಮಗೆ ಇಂದಿಗೂ ಇದೆ.

ಕೋಝಿಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತು, ಕಾಲು ಬಾತು, ಕೊನೆಗೆ ಕೂಡ್ರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳವು, 2021ರಲ್ಲಿ ತಮಿಳುನಾಡು ಅಂಗಡಿಯ ಕೆಲಸಗಾರರಿಗೆ ಆಸನ ಕೊಡಬೇಕೆಂದು ಕಾಯದೆ ಮಾಡಿದವು. ಬೆಟಗೇರಿಯ ನೇಕಾರರೆ, ನೀವು ನೆಯ್ದ ಸೀರೆಯನ್ನು ಮಡಿಕೆ ಬಿಡಿಸಿ ತೋರಿಸುವ ಕೈಗಳು ಅಂಥವರವೇ.

ವ್ಯಾಪಾರಿ ಬಂಧುಗಳೆ, ನಿಮ್ಮ ಅಂಗಡಿಯಲ್ಲಿಯೂ ಒಬ್ಬಿಬ್ಬರು ಹುಡುಗರಿದ್ದಾರೆ. ನಾಳೆ ಬಾಗಿಲು ತೆರೆದಾಗ ಗಲ್ಲೆಯ ಪಕ್ಕದಲ್ಲಿ ಅವರಿಗೊಂದು ಸ್ಟೂಲು ಇಡಿರಿ. ಸಂಜೆ ನಾವು ಪೇಟೆಯಲ್ಲಿ ಹಾಯ್ದು ಬರುವಾಗ ನೋಡುತ್ತೇವೆ.